ಎಬಿನಾ, ಬಿಸಿನಾ? ಶುಕ್ರವಾರದೊಳಗೆ ಫಾರ್ಮ್ ಕೊಡಬೇಕು

ಫ್ರೀಮಾಂಟ್ ಅಮ್ಮ · 2025 ಫೆಬ್ರವರಿ 3, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮಗಳು ಈಗ ಹತ್ತನೇ ಕ್ಲಾಸು, ಪ್ರಿಕ್ಯಾಲ್ಕುಲಸ್ (ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತ) ಓದುತ್ತಿದ್ದಾಳೆ. ಮುಂದಿನ ವರ್ಷದ ಕೋರ್ಸ್ ಫಾರ್ಮನ್ನು ಈ ಶುಕ್ರವಾರದೊಳಗೆ ಕೊಡಬೇಕು. ಎಪಿ ಅಂದರೆ ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸ್. ಎಪಿ ಕ್ಯಾಲ್ಕುಲಸ್ ಎಬಿ ಬರೆಯೋದಾ, ಅದಕ್ಕಿಂತ ಹೆಚ್ಚು ಪಾಠ ಇರೋ ಬಿಸಿಗೇ ನೇರವಾಗಿ ಹಾಕೋದಾ ಅಂತ ಮನೆಯಲ್ಲಿ ವಾರದಿಂದ ಜಗಳ.

ಮೊದಲ ಸೆಮಿಸ್ಟರ್‌ನಲ್ಲಿ ಅವಳಿಗೆ ಬಿ ಪ್ಲಸ್ ಬಂತು. ಆಲ್ಜೀಬ್ರಾ ಪರವಾಗಿಲ್ಲ ಅಂದುಕೊಂಡಿದ್ದೀನಿ, ಟ್ರಿಗ್ನೋಮೆಟ್ರಿಯಲ್ಲಿ ಮುಗ್ಗರಿಸಿದಳು. ಇಷ್ಟದ ವಿಷಯ ಬಯಾಲಜಿ. ಹನ್ನೊಂದನೇ ಕ್ಲಾಸಿಗೆ ಎಪಿ ಬಯಾಲಜಿ, ಎಪಿ ಯುಎಸ್ ಹಿಸ್ಟರಿ, ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಆಗಲೇ ಗುರುತು ಹಾಕಿ ಆಗಿದೆ. ಇವರಪ್ಪ "ಬಿಸಿ ಇಲ್ಲದಿದ್ದರೆ ಒಳ್ಳೆ ಯೂನಿವರ್ಸಿಟಿಯವರು ಕಣ್ಣೆತ್ತಿಯೂ ನೋಡಲ್ಲ" ಅನ್ನುತ್ತಾರೆ. ಪಕ್ಕದ ಮನೆಯವರು "ಎರಡೂ ಬೇಡ, ಕಮ್ಯುನಿಟಿ ಕಾಲೇಜಲ್ಲಿ ಮಾಡಿಸಿ" ಅನ್ನುತ್ತಾರೆ. ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋದರೆ ಅಲ್ಲೂ ಇದೇ ಮಾತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋದು ಬಿಟ್ಟು ಕ್ಯಾಲ್ಕುಲಸ್!

ಅನುಭವ ಇರುವವರು ದಯವಿಟ್ಟು ಹೇಳಿ.

ಸುಮ್ನೆ ಓದ್ತೀನಿ · ಫೆಬ್ರವರಿ 3, ರಾತ್ರಿ 10:52

ಬಿಸಿ ವಿಷಯ ಅಂದಮೇಲೆ ಚರ್ಚೆಯೂ ಬಿಸಿಬಿಸಿಯಾಗೇ ಇರುತ್ತೆ. ಕಾಫಿ ಇಟ್ಕೊಂಡು ಕೂತಿದ್ದೀನಿ.

ಹಾಸನದ ಹುಡುಗ · ಫೆಬ್ರವರಿ 3, ರಾತ್ರಿ 11:15

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಕ್ಕ? ಬಿಸಿ ಹಾಕಿ.

ನಾವು ಪಿಯುಸಿಯಲ್ಲಿ ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಡಿಫರೆನ್ಶಿಯಲ್ ಈಕ್ವೇಷನ್ ಎಲ್ಲ ಒಂದೇ ವರ್ಷದಲ್ಲಿ ಮುಗಿಸಿಲ್ವಾ? ಜೊತೆಗೆ ಫಿಸಿಕ್ಸು, ಕೆಮಿಸ್ಟ್ರಿ, ಸಿಇಟಿ. ಕ್ಯಾಲ್ಕುಲೇಟರ್ ಮುಖ ನೋಡಿರಲಿಲ್ಲ. ಇಲ್ಲಿ ಎಬಿಯಲ್ಲಿ 8 ಯೂನಿಟ್ (ಪಾಠದ ಭಾಗ), ಬಿಸಿಯಲ್ಲಿ 10. ಎರಡು ಯೂನಿಟ್‌ಗೆ ಹೆದರಿಕೊಂಡು ಒಂದು ವರ್ಷ ಕಳೆಯೋದಾ?

ಇನ್ನೊಂದು ವಿಷಯ. 2024ರಲ್ಲಿ ಬಿಸಿ ಬರೆದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಐದಕ್ಕೆ 5 ಬಂದಿದೆ. ಎಬಿಯಲ್ಲಿ ಐದರಲ್ಲಿ ಒಬ್ಬರಿಗೆ. ಅಂದರೆ 5 ತೆಗೆಯೋಕೆ ಬಿಸಿಯೇ ಸುಲಭ. ಲೆಕ್ಕ ಸುಳ್ಳು ಹೇಳಲ್ಲ.

ಚಾಕ್‌ಪೀಸ್ · ಫೆಬ್ರವರಿ 4, ಬೆಳಿಗ್ಗೆ 6:20

ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಗಣಿತದ ಟೀಚರ್ ನಾನು. ಎಬಿ, ಬಿಸಿ ಎರಡನ್ನೂ ಪಾಠ ಮಾಡುತ್ತೇನೆ. ಸ್ಕೂಲಿಗೆ ಹೊರಡೋ ಮೊದಲು ಇದನ್ನು ಬರೆದುಬಿಡ್ತೀನಿ, ಇಲ್ಲದಿದ್ದರೆ ಮೂರು ಪೀರಿಯಡ್ ತಲೆಯಲ್ಲಿ ಇದೇ ಓಡುತ್ತೆ.

ಹಾಸನದವರೇ, ಲೆಕ್ಕ ಸುಳ್ಳು ಹೇಳಲ್ಲ, ನಿಜ. ಆದರೆ ದಸರಾ ಕುಸ್ತಿಗೆ ಇಳಿದವರೆಲ್ಲ ಗಟ್ಟಿಮುಟ್ಟಾಗಿ ಕಾಣುತ್ತಾರೆ ಅಂತ, ಮಟ್ಟಿ ಮಣ್ಣು ಮೆತ್ತಿಕೊಂಡರೆ ಗಟ್ಟಿಯಾಗ್ತೀವಿ ಅನ್ನೋಕಾಗುತ್ತಾ? ಬಿಸಿಗೆ ಕೂರುವವರು ಆಗಲೇ ಜರಡಿ ಹಿಡಿದು ಉಳಿದ ಮಕ್ಕಳು. ಎಬಿಗೆ ಎಲ್ಲ ಥರದವರೂ ಬರುತ್ತಾರೆ. ಆ ಅಂಕಿ ಹೇಳೋದು ಯಾರು ಬರೆದರು ಅನ್ನೋದನ್ನ. ಪೇಪರ್ ಎಷ್ಟು ಕಷ್ಟ ಅನ್ನೋದನ್ನಲ್ಲ.

"ಎರಡು ಯೂನಿಟ್" ಲೆಕ್ಕವೂ ಅಷ್ಟು ಸಲೀಸಲ್ಲ. ಒಂಬತ್ತನೆಯದು ಪ್ಯಾರಾಮೆಟ್ರಿಕ್, ಪೋಲಾರ್, ವೆಕ್ಟರ್. ಹತ್ತನೆಯದು ಅನಂತ ಶ್ರೇಣಿ. ಅದರ ಜೊತೆಗೆ ಹಿಂದಿನ ಯೂನಿಟ್‌ಗಳ ಒಳಗೇ ಬಿಸಿಯವರಿಗೆ ಮಾತ್ರ ಇರುವ ಪಾಠಗಳಿವೆ: ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರ್ಯಾಕ್ಷನ್ಸ್, ಇಂಪ್ರಾಪರ್ ಇಂಟಿಗ್ರಲ್, ಆಯ್ಲರ್ ವಿಧಾನ, ಲಾಜಿಸ್ಟಿಕ್ ಸಮೀಕರಣ, ಆರ್ಕ್ ಲೆಂಗ್ತ್. ಹತ್ತನೇ ಯೂನಿಟ್ ಒಂದಕ್ಕೇ ಪರೀಕ್ಷೆಯಲ್ಲಿ 17ರಿಂದ 18 ಪರ್ಸೆಂಟ್ ತೂಕ. ಅದನ್ನು ನಾವು ಪಾಠ ಮಾಡೋದು ಫೆಬ್ರವರಿ, ಮಾರ್ಚ್‌ನಲ್ಲಿ. ಮಕ್ಕಳು ಸುಸ್ತಾಗಿರೋ ಕಾಲ.

ಎಬಿ ಅಂದರೆ ಕೆಳಗಿನ ದರ್ಜೆ ಅಂತ ನಮ್ಮವರಲ್ಲಿ ಒಂದು ಭಾವನೆ ಇದೆ. ಆ ಹೆಸರು ಬಂದಿದ್ದೇ ಬೇರೆ ಥರ. 1969ರಲ್ಲಿ ಕ್ಯಾಲ್ಕುಲಸ್ ಪರೀಕ್ಷೆಯನ್ನು ಎರಡು ಮಾಡಿದಾಗ ಎ ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ಫಂಕ್ಷನ್‌ಗಳ ಪಾಠ, ಬಿ ಮತ್ತು ಸಿ ಕ್ಯಾಲ್ಕುಲಸ್ ಪಾಠ. ಎ, ಬಿ ಓದುವವರು ಎಬಿ. ಎ ಮೊದಲೇ ಗಟ್ಟಿ ಇರುವವರು ಬಿ, ಸಿ. ಅಷ್ಟೇ.

ಕ್ಯಾಲ್ಕುಲಸ್‌ನಲ್ಲಿ ಬೀಳುವ ಮಕ್ಕಳು ಹೆಚ್ಚಾಗಿ ಬೀಳೋದು ಈ "ಎ" ಭಾಗದಲ್ಲೇ. ಡೆರಿವೇಟಿವ್ ಸರಿಯಾಗಿ ಹಾಕುತ್ತಾರೆ, ಆಮೇಲೆ ಸಿಂಪ್ಲಿಫೈ ಮಾಡುವಾಗ ಜಾರುತ್ತಾರೆ. ಹಾಗಾಗಿ ಅಕ್ಕ, ಇವತ್ತು ಸಂಜೆ ಊಟದ ಟೇಬಲ್ ಮೇಲೆ ಮಗಳಿಗೆ ಮೂರು ಲೆಕ್ಕ ಕೊಡಿ. ಕ್ಯಾಲ್ಕುಲೇಟರ್ ಬೇಡ, ಫೋನ್ ಬೇಡ.

ಒಂದು: 1 ಬೈ (ಎಕ್ಸ್ ಪ್ಲಸ್ ಎಚ್), ಅದರಲ್ಲಿ 1 ಬೈ ಎಕ್ಸ್ ಕಳೆದು, ಬಂದದ್ದನ್ನು ಎಚ್‌ನಿಂದ ಭಾಗಿಸಿ ಸರಳ ಮಾಡು.
ಎರಡು: ಸೈನ್ 120 ಡಿಗ್ರಿ, ಕಾಸ್ 210 ಡಿಗ್ರಿ ಎಷ್ಟು? ಹೇಗೆ ಗೊತ್ತಾಯಿತು?
ಮೂರು: ನ್ಯಾಚುರಲ್ ಲಾಗ್ ಎಕ್ಸ್, ಪ್ಲಸ್ ನ್ಯಾಚುರಲ್ ಲಾಗ್ (ಎಕ್ಸ್ ಮೈನಸ್ 2), ಸಮ ನ್ಯಾಚುರಲ್ ಲಾಗ್ 8. ಎಕ್ಸ್ ಎಷ್ಟು?

ಉತ್ತರಕ್ಕಿಂತ ಕೈ ಎಲ್ಲಿ ನಿಲ್ಲುತ್ತೆ ಅನ್ನೋದನ್ನು ನೋಡಿ.

ಎಡಿಸನ್ ಪದ್ಮ · ಫೆಬ್ರವರಿ 4, ಬೆಳಿಗ್ಗೆ 9:05

ನಮ್ಮನೇದು ಹೇಳ್ತೀನಿ. ಯಾರಿಗಾದರೂ ಉಪಯೋಗ ಆದರೆ ಆಗಲಿ.

ಮಗನಿಗೆ ಪ್ರಿಕ್ಯಾಲ್ಕುಲಸ್‌ನಲ್ಲಿ ಎ ಮೈನಸ್ ಇತ್ತು. ಬಿಸಿ ಹಾಕಿದೆವು. ನಾವೇ ಹಾಕಿದ್ದು, ಅವನು ಎಬಿ ಅಂದಿದ್ದ. ಅಕ್ಟೋಬರ್‌ವರೆಗೂ ಚೆನ್ನಾಗೇ ಇತ್ತು. ಆಮೇಲೆ ಟೀಚರ್ ಮಧ್ಯದಲ್ಲಿ ಬಿಟ್ಟುಹೋದರು. ಎರಡು ತಿಂಗಳು ಬದಲಿ ಟೀಚರ್, ಅವರು ವರ್ಕ್‌ಶೀಟ್ ಹಂಚಿ ಕೂರುತ್ತಿದ್ದರು. ಟ್ಯೂಷನ್ ಹಾಕಿದೆವು, ಗಂಟೆಗೆ 80 ಡಾಲರ್. ಜನವರಿಯಲ್ಲಿ ಎಬಿಗೆ ಇಳಿಸಿ ಅಂತ ಕೇಳಿದರೆ ಕ್ಲಾಸ್ ತುಂಬಿದೆ ಅಂದರು.

ಒಂದು ರಾತ್ರಿ ಹನ್ನೆರಡೂವರೆಗೆ ನೀರು ಕುಡಿಯೋಕೆ ಎದ್ದೆ. ಅಡಿಗೆಮನೆ ಲೈಟ್ ಹಾಕಿಕೊಂಡು ಕೂತಿದ್ದ. ಶ್ರೇಣಿಯ ಲೆಕ್ಕ. ಯಾವ ಟೆಸ್ಟ್ ಹಾಕಬೇಕು ಅಂತ ಗೊತ್ತಾಗದೆ ಪುಟದ ಅಂಚಿನಲ್ಲಿ ರೇಷಿಯೋ, ಕಂಪ್ಯಾರಿಸನ್, ಇಂಟಿಗ್ರಲ್ ಅಂತ ಹೆಸರು ಬರೆದು ಒಂದೊಂದಾಗಿ ಹೊಡೆದು ಹಾಕಿದ್ದ. "ಅಮ್ಮ, ನಾನು ದಡ್ಡನಾ?" ಅಂದ. ಆ ಮಾತು ಇನ್ನೂ ಕಿವಿಯಲ್ಲಿದೆ.

ಪರೀಕ್ಷೆಯಲ್ಲಿ 3 ಬಂತು. ಅದರೊಳಗಿನ ಎಬಿ ಭಾಗಕ್ಕೆ ಬೇರೆಯಾಗಿ ಕೊಡೋ ಎಬಿ ಸಬ್‌ಸ್ಕೋರ್ 4. ಈಗ ಕಾಲೇಜಿನಲ್ಲಿ ಎಕನಾಮಿಕ್ಸ್ ಓದುತ್ತಿದ್ದಾನೆ, ಚೆನ್ನಾಗಿದ್ದಾನೆ. ಆದರೆ ಗಣಿತ ಅಂದರೆ ಈಗಲೂ ಮುಖ ತಿರುಗಿಸುತ್ತಾನೆ. ಸಣ್ಣವನಿದ್ದಾಗ ಕಾರಿನ ನಂಬರ್ ಪ್ಲೇಟ್ ಕೂಡಿಕೊಂಡು ಬರುತ್ತಿದ್ದ ಹುಡುಗ.

ಹಾಸನದ ಹುಡುಗ · ಫೆಬ್ರವರಿ 4, ಬೆಳಿಗ್ಗೆ 9:40

ಪದ್ಮಕ್ಕ, ಬೇಜಾರಾಯ್ತು ಓದಿ. ಆದರೆ ಅದು ಟೀಚರ್ ಸಮಸ್ಯೆ, ಬಿಸಿ ಸಮಸ್ಯೆ ಅಲ್ಲ ಅಲ್ವಾ?

ಎಡಿಸನ್ ಪದ್ಮ · ಫೆಬ್ರವರಿ 4, ಬೆಳಿಗ್ಗೆ 9:48

ಅದನ್ನೇ ಹೇಳಿದ್ದು ನಾನು. ಕೋರ್ಸ್ ಹೆಸರು ನೋಡೋ ಮೊದಲು ಯಾರು ಪಾಠ ಮಾಡ್ತಾರೆ ಅಂತ ವಿಚಾರಿಸಿ. ನಾವು ವಿಚಾರಿಸಲಿಲ್ಲ.

ಎರಡನೇ ವರ್ಷ · ಫೆಬ್ರವರಿ 4, ಮಧ್ಯಾಹ್ನ 1:30

ನಾನು ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಒಂದು ಕ್ಯಾಂಪಸ್‌ನಲ್ಲಿ ಎರಡನೇ ವರ್ಷ. ಅಮ್ಮ ಈ ಥ್ರೆಡ್ ಕಳಿಸಿ "ನೀನೂ ಬರೆ" ಅಂದರು. ನನ್ನ ಕನ್ನಡ ಕನ್ನಡ ಶಾಲೆಯ ಕನ್ನಡ, ತಪ್ಪಿದ್ದರೆ ಕ್ಷಮಿಸಿ.

ಯುಸಿಗೆ ಹಾಕುವವರಿಗೆ: ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕ ಹಾಕುವಾಗ ಎಬಿಗೂ ಬಿಸಿಗೂ ಒಂದೇ ಬೋನಸ್ ಪಾಯಿಂಟ್. ಬಿಸಿಯಲ್ಲಿ ಬಿ ತೆಗೆದರೆ ಎಬಿಯ ಎ ಆಗಲ್ಲ. ಆಮೇಲೆ ಹತ್ತು, ಹನ್ನೊಂದರ ಗ್ರೇಡ್‌ಗಳೇ ಆ ಜಿಪಿಎಗೆ ಹೋಗೋದು. ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಯೂನಿಟ್) ವಿಷಯದಲ್ಲಿ ವ್ಯತ್ಯಾಸ ಇದೆ. 3 ಅಥವಾ ಜಾಸ್ತಿ ಬಂದರೆ ಬಿಸಿಗೆ 8 ಕ್ವಾರ್ಟರ್ ಯೂನಿಟ್, ಎಬಿಗೆ 4. ಎರಡೂ ಬರೆದರೂ ಒಟ್ಟು 8 ದಾಟಲ್ಲ. ಆದರೆ ಯೂನಿಟ್ ಬೇರೆ, ಯಾವ ಕ್ಲಾಸ್ ಬಿಡಬಹುದು ಅನ್ನೋದು ಬೇರೆ. ಅದನ್ನು ಪ್ರತಿ ಕ್ಯಾಂಪಸ್, ಪ್ರತಿ ಡಿಪಾರ್ಟ್‌ಮೆಂಟ್ ಅದರದರ ಪಾಡಿಗೆ ಹೇಳುತ್ತೆ.

ನನಗೆ ಬಿಸಿಯಲ್ಲಿ 4 ಬಂತು. ನೇರವಾಗಿ ಮಲ್ಟಿವೇರಿಯಬಲ್‌ಗೆ ಹೋದೆ. ಖುಷಿಯಾಗಿತ್ತು. ಆರನೇ ವಾರ ಪೋಲಾರ್ ಕೋಆರ್ಡಿನೇಟ್‌ನಲ್ಲಿ ಡಬಲ್ ಇಂಟಿಗ್ರಲ್ ಬಂತು. ನಾನು ಪೋಲಾರ್ ಪಾಠವನ್ನು ಎಪಿ ಪರೀಕ್ಷೆಗೆ ಒಂದು ವಾರ ಮುಂಚೆ ವಿಡಿಯೋ ನೋಡಿ ಕಲಿತಿದ್ದೆ, ಪರೀಕ್ಷೆ ಮುಗಿದ ದಿನ ಮರೆತಿದ್ದೆ. ಕ್ವಾರ್ಟರ್ ಅಂದರೆ ಹತ್ತು ವಾರ. ಹಿಂದೆ ತಿರುಗಿ ನೋಡೋಕೆ ಟೈಮ್ ಇಲ್ಲ. ಸಿ ಪ್ಲಸ್ ಬಂತು. ನನ್ನ ರೂಮ್‌ಮೇಟ್ ಎಬಿ ಮಾತ್ರ ಓದಿದ್ದಳು, ಎರಡನೇ ಕ್ಯಾಲ್ಕುಲಸ್‌ನಿಂದ ಶುರು ಮಾಡಿ ಆರಾಮಾಗಿ ಎ ತೆಗೆದಳು.

ಎಂಐಟಿ ಥರದ ಕಡೆ ಕಣ್ಣಿದ್ದರೆ ಬೇರೆ ಮಾತು. ಅಲ್ಲಿ ಬಿಸಿಯಲ್ಲಿ 5 ಬಂದರೆ ಮಾತ್ರ ಮೊದಲ ಕ್ಯಾಲ್ಕುಲಸ್‌ಗೆ ಕ್ರೆಡಿಟ್, ಎಬಿಗೆ ಏನೂ ಇಲ್ಲ. ಕ್ಯಾಲ್‌ಟೆಕ್ ಯಾವ ಎಪಿಗೂ ಕ್ರೆಡಿಟ್ ಕೊಡಲ್ಲ.

ಸುಮ್ನೆ ಓದ್ತೀನಿ · ಫೆಬ್ರವರಿ 4, ಮಧ್ಯಾಹ್ನ 1:41

ಮರೀ, ನಿನ್ನ ಕನ್ನಡ ನಮ್ಮ ಕನ್ನಡಕ್ಕಿಂತ ಚೆನ್ನಾಗಿದೆ.

ಹಾಸನದ ಹುಡುಗ · ಫೆಬ್ರವರಿ 4, ಮಧ್ಯಾಹ್ನ 3:10

ಹಾಗಾದರೆ ಕಮ್ಯುನಿಟಿ ಕಾಲೇಜ್ ಯಾಕಾಗಬಾರದು? ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸ್ ಇಲ್ಲ. ನಮ್ಮ ಪರಿಚಯದ ಹುಡುಗ ಡಿ ಆನ್ಜಾ ಅನ್ನೋ ಕಮ್ಯುನಿಟಿ ಕಾಲೇಜಲ್ಲಿ ಬೇಸಿಗೆಯಲ್ಲಿ ಮಾಡಿದ. ಮೇ ತಿಂಗಳ ಒಂದೇ ಎಪಿ ಪರೀಕ್ಷೆ ಮೇಲೆ ಎಲ್ಲ ನಿಲ್ಲಲ್ಲ.

ಚಾಕ್‌ಪೀಸ್ · ಫೆಬ್ರವರಿ 4, ಸಂಜೆ 5:25

ಒಳ್ಳೆ ದಾರಿಯೇ. ಆದರೆ ಅಲ್ಲಿ ಬಂದ ಗ್ರೇಡ್ ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತ. ಎಪಿ ಪರೀಕ್ಷೆಯಲ್ಲಿ 2 ಬಂದರೆ ಯಾರಿಗೂ ತೋರಿಸದೇ ಇರಬಹುದು. ಬೇಸಿಗೆಯ ಆರು ವಾರದಲ್ಲಿ ಒಂದು ಕೋರ್ಸ್ ಅಂದರೆ ಒಂದು ದಿನ ಜ್ವರ ಬಂದರೂ ಒಂದು ಅಧ್ಯಾಯ ಹೋಯಿತು. ಗಣಿತ ಸಲೀಸಾಗಿ ಬರುವ ಮಗುವಿಗೆ ಸರಿ. ಟ್ರಿಗ್‌ನಲ್ಲಿ ಮುಗ್ಗರಿಸಿದ ಮಗುವಿಗೆ ನಾನಂತೂ ಹೇಳಲ್ಲ.

ಫ್ರೀಮಾಂಟ್ ಅಮ್ಮ · ಫೆಬ್ರವರಿ 4, ರಾತ್ರಿ 9:55

ಮೂರು ಲೆಕ್ಕ ಕೊಟ್ಟೆ. ಮೊದಲು "ಇದೇನು ಹೊಸ ಶಿಕ್ಷೆ" ಅಂದಳು. ಮೊಸರನ್ನದ ತಟ್ಟೆ ಸರಿಸಿ, ಬಂದಿದ್ದ ಯಾವುದೋ ಬಿಲ್ಲಿನ ಕವರ್ ಹಿಂದೆಯೇ ಮಾಡಿದಳು.

ಮೊದಲನೆಯದು: ಛೇದ ಒಂದು ಮಾಡಿದಳು. ಮೇಲೆ ಎಕ್ಸ್ ಮೈನಸ್ ಎಕ್ಸ್ ಪ್ಲಸ್ ಎಚ್ ಅಂತ ಬರೆದಳು, ಬ್ರಾಕೆಟ್ ಹಾಕದೆ. ಮೈನಸ್ ಎಚ್ ಬರಬೇಕಾದಲ್ಲಿ ಪ್ಲಸ್ ಎಚ್ ಬಂತು. ಉತ್ತರದಲ್ಲಿ ಮೈನಸ್ ಚಿಹ್ನೆ ಮಾಯ. ತಪ್ಪಾಗಿದೆ ಅಂದೆ. ಹತ್ತು ನಿಮಿಷ ಹುಡುಕಿದಳು, ಸಿಗಲಿಲ್ಲ.
ಎರಡನೆಯದು: ಸೈನ್ 120 ತಟ್ಟನೆ ಹೇಳಿದಳು. ಕಾಸ್ 210ಕ್ಕೆ ಗಾಳಿಯಲ್ಲಿ ಬೆರಳಿಂದ ವೃತ್ತ ಬರೆದಳು, ಚಿಹ್ನೆಯಲ್ಲಿ ಗೊಂದಲವಾಯಿತು.
ಮೂರನೆಯದು: 4 ಮತ್ತು ಮೈನಸ್ 2 ಎರಡನ್ನೂ ಬರೆದಳು. ಮೈನಸ್ 2ರ ಲಾಗ್ ಇರುತ್ತಾ ಅಂತ ಕೇಳಿದ ಮೇಲೆ ಹಣೆ ಚಚ್ಚಿಕೊಂಡಳು.

ಇವರಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಪಾತ್ರೆ ತೊಳೆಯೋಕೆ ಹೋದರು.

ಚಾಕ್‌ಪೀಸ್ · ಫೆಬ್ರವರಿ 4, ರಾತ್ರಿ 10:12

ಅವಳಿಗೆ ವಿಷಯ ಗೊತ್ತು, ಕೈ ಇನ್ನೂ ಪಳಗಿಲ್ಲ. ಬ್ರಾಕೆಟ್ ಬಿಡೋ ಅಭ್ಯಾಸ ಎಬಿಯಲ್ಲಿ ನಿಧಾನವಾಗಿ ಸರಿಹೋಗುತ್ತೆ. ಬಿಸಿಯಲ್ಲಿ ಅದಕ್ಕೆ ಬಿಡುವಿಲ್ಲ.

ನಿವೃತ್ತ ಉಪನ್ಯಾಸಕ, ಶಿವಮೊಗ್ಗ · ಫೆಬ್ರವರಿ 5, ಬೆಳಿಗ್ಗೆ 7:00

ನಮಸ್ಕಾರ. ಪಿಯು ಕಾಲೇಜಿನಲ್ಲಿ 31 ವರ್ಷ ಗಣಿತ ಪಾಠ ಮಾಡಿದವನು. ಈಗ ಸಿಯಾಟಲ್‌ನಲ್ಲಿ ಮಗಳ ಮನೆಯಲ್ಲಿ ಆರು ತಿಂಗಳ ವಾಸ. ಮೊಮ್ಮಗ ಬಿಸಿ ಓದುತ್ತಿದ್ದಾನೆ. ಅವನ ಪುಸ್ತಕ ಸಂಜೆ ನನ್ನ ಕೈಗೆ ಬರುತ್ತದೆ.

"ಪಿಯುಸಿಯಲ್ಲಿ ಎಲ್ಲ ಮಾಡಿದ್ದೆವು" ಎಂಬ ಮಾತು ಕಂಡಿತು. ಅರ್ಧ ಸರಿ. ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರ್ಯಾಕ್ಷನ್ಸ್ ನಮ್ಮ ದ್ವಿತೀಯ ಪಿಯುಸಿಯಲ್ಲಿ ಇವೆ, ಇಲ್ಲಿ ಎಬಿಯಲ್ಲಿ ಇಲ್ಲ. ಆದರೆ ಟೇಲರ್ ಶ್ರೇಣಿ, ಕನ್ವರ್ಜೆನ್ಸ್ ಟೆಸ್ಟ್‌ಗಳು ನಮ್ಮ ಪಿಯುಸಿಯಲ್ಲಿ ಇಲ್ಲ. ನಮ್ಮ ಮಕ್ಕಳು ಅವನ್ನು ಡಿಗ್ರಿಗೆ ಹೋಗಿ ನೋಡುತ್ತಾರೆ.

ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮಲ್ಲಿ ಫಂಕ್ಷನ್ ಕೊಟ್ಟು "ಕಂಡುಹಿಡಿ" ಎನ್ನುತ್ತೇವೆ. ಇಲ್ಲಿ ಒಂದು ಟೇಬಲ್ ಕೊಡುತ್ತಾರೆ, ಅದರಲ್ಲಿ ಐದು ಸಮಯ, ಐದು ವೇಗ. ಫಂಕ್ಷನ್ ಏನೆಂದು ಹೇಳುವುದೇ ಇಲ್ಲ. "ಈ ಎರಡು ಗಳಿಗೆಗಳ ನಡುವೆ ವೇಗೋತ್ಕರ್ಷ ಇಷ್ಟಿರಲೇಬೇಕೇ? ಕಾರಣ ಕೊಡು" ಎಂದು ಕೇಳುತ್ತಾರೆ. ಮೊದಲ ವಾರ ನಾನೇ ತಬ್ಬಿಬ್ಬಾದೆ. ಉತ್ತರ ಮೀನ್ ವ್ಯಾಲ್ಯೂ ಥಿಯರಮ್. ನಾನು ಅದನ್ನು ಎಷ್ಟೋ ಬ್ಯಾಚಿಗೆ ಹೇಳಿಕೊಟ್ಟಿದ್ದೇನೆ, ಆದರೆ ಹೀಗೆ ಕೇಳಿದ್ದು ನೆನಪಿಲ್ಲ. ಮೊಮ್ಮಗ "ತಾತಾ, ಕಂಟಿನ್ಯುಯಸ್ ಅಂತ ಬರೆಯದೇ ಇದ್ದರೆ ಮಾರ್ಕ್ಸ್ ಇಲ್ಲ" ಎಂದ. ಸರಿಯಾಗಿಯೇ ಹೇಳಿದ.

ಚಾಕ್‌ಪೀಸ್ · ಫೆಬ್ರವರಿ 5, ಸಂಜೆ 5:40

ಸರ್, ನಮಸ್ಕಾರ. ನೀವು ಬರೆದಿದ್ದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು ಅನ್ನಿಸಿತು.

ಪರೀಕ್ಷೆ ಹೇಗಿರುತ್ತೆ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದರು. ಎರಡಕ್ಕೂ ಒಂದೇ ನಮೂನೆ. ಒಟ್ಟು 3 ಗಂಟೆ 15 ನಿಮಿಷ. ಆಯ್ಕೆ ಪ್ರಶ್ನೆ 45, ಅದರಲ್ಲಿ 30ಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಬಿಡಿಸಿ ಬರೆಯುವ ಪ್ರಶ್ನೆ 6, ಎರಡಕ್ಕೆ ಮಾತ್ರ ಕ್ಯಾಲ್ಕುಲೇಟರ್. ಆ ಆರರಲ್ಲಿ ಮೂರು ಸಾಮಾನ್ಯವಾಗಿ ಎಬಿ, ಬಿಸಿ ಎರಡಕ್ಕೂ ಒಂದೇ. ತಪ್ಪಿಗೆ ಮಾರ್ಕ್ಸ್ ಕಳೆಯಲ್ಲ. 2025ರ ಮೇ ತಿಂಗಳಿಂದ ಪ್ರಶ್ನೆ ಕಂಪ್ಯೂಟರ್ ಪರದೆ ಮೇಲೆ, ಬಿಡಿಸಿ ಬರೆಯೋದು ಮಾತ್ರ ಕಾಗದದ ಮೇಲೆ. ಒಂದೇ ವರ್ಷ ಎರಡೂ ಪರೀಕ್ಷೆ ಬರೆಯೋಕೆ ಬಿಡಲ್ಲ. ಬಿಸಿ ಬರೆದವರಿಗೆ ಎಬಿ ಸಬ್‌ಸ್ಕೋರ್ ಹೇಗೂ ಬರುತ್ತೆ, ಅನೇಕ ಕಾಲೇಜುಗಳು ಅದನ್ನು ಎಬಿ ಸ್ಕೋರ್ ಥರವೇ ನೋಡುತ್ತವೆ.

ಮಾರ್ಕ್ಸ್ ಎಲ್ಲಿ ಸೋರುತ್ತೆ ಅನ್ನೋಕೆ ಒಂದು ಉದಾಹರಣೆ. ಡಿವೈ ಬೈ ಡಿಎಕ್ಸ್ ಅಂದರೆ ಎಕ್ಸ್ ಇಂಟು ವೈ, ಎಕ್ಸ್ ಸೊನ್ನೆ ಇದ್ದಾಗ ವೈ 3. ಮೊದಲು ವೈಗಳನ್ನು ಒಂದು ಕಡೆ, ಎಕ್ಸ್‌ಗಳನ್ನು ಇನ್ನೊಂದು ಕಡೆ ಬೇರ್ಪಡಿಸಬೇಕು. ಅದನ್ನು ಮಾಡದಿದ್ದರೆ ಮುಂದೆ ಎಷ್ಟು ಬರೆದರೂ ಆ ಭಾಗಕ್ಕೆ ಸೊನ್ನೆ. ಬೇರ್ಪಡಿಸಿ, ಇಂಟಿಗ್ರೇಟ್ ಮಾಡಿ, "ಪ್ಲಸ್ ಸಿ" ಬರೆಯೋದು ಮರೆತರೆ ಸುಮಾರು ಅರ್ಧ ಮಾರ್ಕ್ಸ್ ಹೋಯಿತು. ಒಂದು ಅಕ್ಷರ! ಇನ್ನೊಂದು: "ಇಲ್ಲಿ ಗರಿಷ್ಠ ಯಾಕೆಂದರೆ ಅದು ಪಾಸಿಟಿವ್‌ನಿಂದ ನೆಗೆಟಿವ್‌ಗೆ ಹೋಗುತ್ತೆ" ಅಂತ ಬರೆಯುತ್ತಾರೆ. "ಅದು" ಅಂದರೆ ಯಾವುದು? ಫಂಕ್ಷನ್ನಾ, ಡೆರಿವೇಟಿವ್ವಾ? ಹೆಸರು ಹೇಳದಿದ್ದರೆ ಮಾರ್ಕ್ಸ್ ಇಲ್ಲ. ಹಳೆಯ ಪ್ರಶ್ನೆಗಳು, ಮಾರ್ಕ್ಸ್ ಹಂಚಿದ ರೀತಿ ಎಲ್ಲ ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತೆ.

ಹಾಸನದ ಹುಡುಗ · ಫೆಬ್ರವರಿ 6, ರಾತ್ರಿ 11:30

ಒಪ್ಪಿಕೊಳ್ಳಬೇಕು. ಹಠಕ್ಕೆ ಬಿದ್ದು ಎಬಿಯ ಒಂದು ಪ್ರಶ್ನೆ ಬರೆದೆ. 9 ಮಾರ್ಕ್ಸ್‌ದು. ಹದಿನೈದು ನಿಮಿಷದಲ್ಲಿ ಮುಗಿಸಿ ಮೀಸೆ ತಿರುವಿದೆ. ಒಂಬತ್ತನೇ ಕ್ಲಾಸಿನ ಮಗಳ ಕೈಗೆ ಮಾರ್ಕಿಂಗ್ ಸ್ಕೀಮ್ ಕೊಟ್ಟು ತಿದ್ದು ಅಂದೆ. 4 ಕೊಟ್ಟಳು. ಉತ್ತರದ ಯೂನಿಟ್ (ಅಳತೆಯ ಮಾನ) ಬರೆದಿಲ್ಲ, ಕಾರಣ ಬರೆದಿಲ್ಲ, ಕೊನೆಗೆ "ಅದು" ಅಂತ ಬರೆದಿದ್ದೀನಿ. ಉತ್ತರ ಎಲ್ಲ ಸರಿ ಇತ್ತು ಮಾರಾಯ್ರೆ!

ಮಗಳು ಮಾರ್ಕ್ಸ್ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ.

ಸುಮ್ನೆ ಓದ್ತೀನಿ · ಫೆಬ್ರವರಿ 6, ರಾತ್ರಿ 11:34

ಹಾಸನದವರಿಗೆ ಎಬಿಯಲ್ಲೇ ಬಿಸಿ ಮುಟ್ಟಿತು.

ಫ್ರೀಮಾಂಟ್ ಅಮ್ಮ · ಫೆಬ್ರವರಿ 7, ಬೆಳಿಗ್ಗೆ 7:50

ಎಬಿ ಬರೆದು ಕೊಟ್ಟಳು. ಕೊನೆಗೆ ನಿರ್ಧಾರ ಅವಳದೇ. ಬಿಸಿ ಪಾಠ ಮಾಡುವವರು ಮುಂದಿನ ವರ್ಷ ಬದಲಾಗುತ್ತಾರಂತೆ, ಎಬಿ ಟೀಚರ್ ಹಳಬರು. ಸೀನಿಯರ್ ಒಬ್ಬಳನ್ನು ಕೇಳಿ ಇದನ್ನೂ ತಿಳಿದುಕೊಂಡು ಬಂದಿದ್ದಳು. ಇವರಪ್ಪ "ಹನ್ನೆರಡರಲ್ಲಿ ಬಿಸಿ ಮಾಡಬಹುದಲ್ಲ" ಅಂತ ಮೆಲ್ಲಗೆ ಅಂದರು. ಅವಳು "ಆಗ ನೋಡೋಣ ಅಪ್ಪ" ಅಂದಳು. ಎಲ್ಲರಿಗೂ ಥ್ಯಾಂಕ್ಸ್. ಪದ್ಮ ಅವರೇ, ನಿಮ್ಮ ಮಗನ ವಿಷಯ ಅವಳಿಗೂ ಓದಿ ಹೇಳಿದೆ.

ಫ್ರೀಮಾಂಟ್ ಅಮ್ಮ · ಅಕ್ಟೋಬರ್ 19, ರಾತ್ರಿ 9:20

ಹಳೇ ಥ್ರೆಡ್ ಎಬ್ಬಿಸುತ್ತಿದ್ದೀನಿ. ಎಬಿ ನಡೆಯುತ್ತಿದೆ. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಹಳೇ ಆಲ್ಜೀಬ್ರಾ ತಿದ್ದಿಕೊಂಡಳು. ಮೊದಲ ಟೆಸ್ಟ್‌ನಲ್ಲಿ 84, ಎರಡನೆಯದರಲ್ಲಿ 93. ಈಗ ರಿಲೇಟೆಡ್ ರೇಟ್ಸ್. ನಿನ್ನೆ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಯೋದನ್ನು ನೋಡುತ್ತಾ "ಅಮ್ಮ, ಮೇಲಿನ ನೀರಿನ ಮಟ್ಟ ಎಷ್ಟು ವೇಗದಲ್ಲಿ ಇಳಿಯುತ್ತೆ ಗೊತ್ತಾ?" ಅಂದಳು. ಸಿಲಿಂಡರ್ ಆದ್ದರಿಂದ ಸುಲಭ, ಕೋನ್ ಆಗಿದ್ದರೆ ಕಷ್ಟ ಅಂತ ಅವಳೇ ಹೇಳಿಕೊಂಡಳು. ನಾನು ಹಾಲು ಉಕ್ಕುತ್ತಾ ಅಂತ ನೋಡುತ್ತಿದ್ದೆ.

ಈಗ ಹೊಸ ಪ್ರಶ್ನೆ. ಹನ್ನೆರಡನೇ ಕ್ಲಾಸಿಗೆ ಬಿಸಿನಾ, ಎಪಿ ಸ್ಟ್ಯಾಟಿಸ್ಟಿಕ್ಸಾ? ಅವಳ ಮನಸ್ಸು ಬಯಾಲಜಿ ಮೇಲೇ ಇದೆ.

ಚಾಕ್‌ಪೀಸ್ · ಅಕ್ಟೋಬರ್ 20, ಬೆಳಿಗ್ಗೆ 6:15

ಬಯಾಲಜಿಗೆ ಸ್ಟ್ಯಾಟಿಸ್ಟಿಕ್ಸ್ ದಿನವೂ ಬೇಕು. ಬಿಸಿ ತಗೊಂಡರೆ ಮೊದಲ ನಾಲ್ಕೈದು ತಿಂಗಳು ಹೆಚ್ಚಾಗಿ ಎಬಿಯದೇ ಮರುಪಾಠ. ಅವಳು ಹಾಕಬೇಕಂತಿರೋ ಕಾಲೇಜುಗಳಲ್ಲಿ ಬಯಾಲಜಿ ಮೇಜರ್‌ಗೆ ಎಷ್ಟು ಕ್ಯಾಲ್ಕುಲಸ್ ಕೇಳುತ್ತಾರೆ ಅಂತ ಪಟ್ಟಿ ಮಾಡಿಸಿ. ಮೆಡಿಕಲ್ ಕಡೆ ಯೋಚನೆ ಇದ್ದರೆ, ಕೆಲವು ಮೆಡಿಕಲ್ ಸ್ಕೂಲುಗಳು ಎಪಿ ಕ್ರೆಡಿಟ್ ಒಪ್ಪಲ್ಲ ಅನ್ನೋದೂ ನೆನಪಿರಲಿ. ಮತ್ತೆ, ಈ ವರ್ಷದ ಎಬಿ ಪರೀಕ್ಷೆಗೆ ನವೆಂಬರ್ ಮಧ್ಯದೊಳಗೆ ಹೆಸರು ಕೊಡಬೇಕು. ಸುಮಾರು ನೂರು ಡಾಲರ್. ತಡವಾದರೆ ಇನ್ನೂ 40 ಜಾಸ್ತಿ.

ಹಾಸನದ ಹುಡುಗ · ಅಕ್ಟೋಬರ್ 20, ಬೆಳಿಗ್ಗೆ 8:02

ಅಕ್ಕ, ಆ ಡಿಕಾಕ್ಷನ್ ಲೆಕ್ಕವನ್ನು ಪೂರ್ತಿ ಬರೆದು ಕಳಿಸೋಕೆ ಹೇಳಿ. ನಾನೂ ಮಾಡಿ ನೋಡ್ತೀನಿ. ಈ ಸಲ ಯೂನಿಟ್ ಬರೀತೀನಿ.